ಬೆರಕೆಯ ಪರವಾಗಿ ನಾಲ್ಕು ಮಾತು

ಮೊದಲೇ ಹೇಳಿಬಿಡುತ್ತೇನೆ, ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಟಿ.ವೈ.ಬಿ.ಕಾಂ. ಓದುವವನು. ಜಮಾ, ಖರ್ಚು, ಬಾಕಿ, ಸವಕಳಿ ಇವುಗಳ ನಡುವೆ ದಿನ ಕಳೆಯುವವನು. ನಮ್ಮ ಕೂಟದ ಸಭೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಚಹಾ ಬಂದಾಗ ಲೋಟ ಹಂಚುವುದು ನನ್ನ ಕೆಲಸ. ಮಾತಾಡುವುದು ಬೇರೆಯವರ ಕೆಲಸ. ಆದರೆ ಕಳೆದ ಸಭೆಯಲ್ಲಿ ಕೇಳಿದ ಒಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಅದನ್ನು ತೆಗೆಯುವುದಕ್ಕೆ ಈ ಬರಹ.

ಆ ದಿನ ಚರ್ಚೆ ಸಿನಿಮಾದ ಮೇಲೆ. ಹಿರಿಯ ಗೆಳೆಯರೊಬ್ಬರು ಚೆನ್ನಾಗಿಯೇ ಮಾತಾಡಿದರು. 1970ರ 'ಸಂಸ್ಕಾರ'ದಿಂದ ಹಿಡಿದು 1977ರ 'ಘಟಶ್ರಾದ್ಧ'ದವರೆಗೆ ಬಂದು, ಕೊನೆಗೆ ಒಂದು ತೀರ್ಪು ಕೊಟ್ಟರು. ಒಳ್ಳೆಯ ಚಿತ್ರ ಒಂದೇ ದಾರಿಯಲ್ಲಿ ನಡೆಯಬೇಕು. ಇತಿಹಾಸವೂ ಬೇಕು, ಹೊಡೆದಾಟವೂ ಬೇಕು, ಪ್ರೇಮವೂ ಬೇಕು, ದೆವ್ವವೂ ಬೇಕು ಎಂದರೆ ಅದು ಕಲೆಯಲ್ಲ, ಭೇಳ್‌ಪುರಿ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೆ ಈಗ ನಾಚಿಕೆ. ಯಾಕೆಂದರೆ ಅದಾಗಿ ವಾರ ಕಳೆಯುವುದರೊಳಗೆ ಅಂಥದೇ ಒಂದು ಭೇಳ್‌ಪುರಿ ತಿಂದು, ಪೊಟ್ಟಣದ ಕಾಗದವನ್ನೂ ನೆಕ್ಕಿದ ಹಾಗೆ ಆಗಿದೆ ನನ್ನ ಗತಿ.

ಆದದ್ದು ಹೀಗೆ. ಜುಲೈ ತಿಂಗಳ ಮಳೆ. ಡೊಂಬಿವಲಿಯಲ್ಲಿರುವ ನಮಗೆ ಮಳೆ ಎಂದರೆ ಲೋಕಲ್ ಗಾಡಿ ನಿಂತಿತು ಎಂದೇ ಅರ್ಥ. ಅಪ್ಪಯ್ಯ ಹೋಟೆಲಿಗೆ ಹೋಗಲಾಗದೆ ಸ್ಟೇಷನ್ನಿನಿಂದ ಒದ್ದೆಯಾಗಿ ವಾಪಸ್ಸು ಬಂದರು. ವರ್ಷದಲ್ಲಿ ನಾಲ್ಕೈದು ದಿನ ಮಾತ್ರ ಅವರು ಹಗಲು ಹೊತ್ತಿನಲ್ಲಿ ಮನೆಯಲ್ಲಿರುವುದು. ಇದ್ದರೆ ಅವರಿಗೂ ಏನು ಮಾಡುವುದೆಂದು ತೋಚುವುದಿಲ್ಲ, ನಮಗೂ ತೋಚುವುದಿಲ್ಲ. ರಾತ್ರಿ ಊಟವಾದ ಮೇಲೆ ಚಿಕ್ಕಪ್ಪನ ಮಗನ ಹಳೆಯ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಇಟ್ಟು ಯಾವುದಾದರೂ ಒಂದು ಚಿತ್ರ ನೋಡೋಣ ಎಂದು ಕೂತೆವು. ಸಿಕ್ಕಿದ್ದು ಒಂದು ಫ್ರೆಂಚ್ ಚಿತ್ರ. ಇಂಗ್ಲಿಷಿನಲ್ಲಿ ಅದರ ಹೆಸರು 'ಬ್ರದರ್‌ಹುಡ್ ಆಫ್ ದ ವುಲ್ಫ್'. ಮೂಲ ಹೆಸರು 'ಲ ಪಾಕ್ಟ್ ದೆ ಲೂ', ಅಂದರೆ ತೋಳಗಳ ಒಪ್ಪಂದ. ಕ್ರಿಸ್ತೋಫ್ ಗಾನ್ಸ್ ನಿರ್ದೇಶಿಸಿ 2001ರಲ್ಲಿ ಬಂದದ್ದು. ಹದಿನೆಂಟನೇ ಶತಮಾನದ ಕಥೆ ಎಂದು ಓದಿ, ರಾಜರು, ಹೆಣೆದ ಟೋಪನ್ ಕೂದಲು, ಬಗ್ಗಿ ನಮಸ್ಕಾರ, ಹತ್ತು ನಿಮಿಷದಲ್ಲಿ ನಿದ್ದೆ ಎಂದು ಲೆಕ್ಕ ಹಾಕಿದ್ದೆ. ಕಾಮರ್ಸಿನವನ ಲೆಕ್ಕವೂ ತಪ್ಪುತ್ತದೆ.

ಚಿತ್ರ ಸುರುವಾಗಿ ಸ್ವಲ್ಪ ಹೊತ್ತಿಗೇ ಅಲ್ಲೂ ಮಳೆ. ನಮ್ಮ ಕಿಟಕಿಯ ಮಳೆಗೂ ಆ ಮಳೆಗೂ ವ್ಯತ್ಯಾಸ ತಿಳಿಯದ ಹಾಗೆ ಹೊಯ್ಯುತ್ತಿದೆ. ಕೆಸರಿನಲ್ಲಿ ಕೆಲವು ಸೈನಿಕರು ಒಬ್ಬ ಮುದುಕನನ್ನೂ ಅವನ ಮಗಳನ್ನೂ ಹೊಡೆಯುತ್ತಿದ್ದಾರೆ. ಕುದುರೆ ಮೇಲೆ ಇಬ್ಬರು ಬರುತ್ತಾರೆ, ಮುಖ ಕಾಣುವುದಿಲ್ಲ. ಒಬ್ಬ ಇಳಿಯುತ್ತಾನೆ, ಕೈಯಲ್ಲಿ ಒಂದು ಕೋಲು. ಮುಂದಿನದನ್ನು ಬರೆಯಲಾರೆ, ನೋಡಬೇಕು. ಗೋಡೆಗೆ ಒರಗಿ ಅರ್ಧ ಮಲಗಿದ್ದ ಅಪ್ಪಯ್ಯ ಎದ್ದು ಕೂತು, "ಎಂತ ಮಾರಾಯ, ಇದ್ ರಾಜರ್ ಕಥೆ ಅಂದ್ಯಲ್ಲ?" ಎಂದರು.

ಕಥೆಗೆ ತಳಪಾಯ ನಿಜವಾಗಿ ನಡೆದ ಸಂಗತಿ. ಫ್ರಾನ್ಸಿನ ದಕ್ಷಿಣದ ಗುಡ್ಡಗಾಡು ಜೆವೊದಾಂ. ಈಗಿನ ಲೋಜೇರ್ ಜಿಲ್ಲೆ ಹೆಚ್ಚುಕಮ್ಮಿ ಅದೇ. 1764ರಿಂದ 1767ರವರೆಗೆ ಅಲ್ಲಿ ಒಂದು ಮೃಗ ಸುಮಾರು 100 ಜನರನ್ನು ಕೊಂದಿತು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ದನ ಕುರಿ ಕಾಯಲು ಹೋದ ಮಕ್ಕಳು. ಅದು ತೋಳವೋ, ತೋಳಗಳ ಹಿಂಡೋ, ಇನ್ನೇನೋ ಎಂಬ ವಾದ ಇಂದಿಗೂ ಮುಗಿದಿಲ್ಲ. ರಾಜ ಹದಿನೈದನೆಯ ಲೂಯಿ. ಸೈನ್ಯ ಬಂತು, ದೂರದ ನಾರ್ಮಂಡಿಯಿಂದ ಹೆಸರಾಂತ ಬೇಟೆಗಾರರು ಬಂದರು, ಪತ್ರಿಕೆಗಳು ಸುದ್ದಿಯನ್ನು ಊರೂರಿಗೆ ಹಬ್ಬಿಸಿದವು. ಮೃಗ ಸಿಗಲಿಲ್ಲ. ಕೊನೆಗೆ ರಾಜನ ಸ್ವಂತ ಬಂದೂಕುಧಾರಿ ಫ್ರಾಂಸ್ವಾ ಆಂತ್ವಾನ್ ಬಂದು 1765ರ ಸೆಪ್ಟೆಂಬರಿನಲ್ಲಿ ಒಂದು ದೊಡ್ಡ ತೋಳ ಹೊಡೆದ. ಅದಕ್ಕೆ ಹುಲ್ಲು ತುಂಬಿಸಿ ವರ್ಸೇಲ್ಸ್ ಅರಮನೆಗೆ ಕಳಿಸಿದರು. ಅವನಿಗೆ ಹಣ, ಮರ್ಯಾದೆ ಎಲ್ಲ ಸಿಕ್ಕಿತು. ಮೃಗ ಸತ್ತಿತು ಎಂದು ಘೋಷಣೆಯಾಯಿತು.

ಇಲ್ಲಿ ನನ್ನ ಪಠ್ಯವಿಷಯ ಬರುತ್ತದೆ. ಅರಮನೆಯವರು ಲೆಕ್ಕ ಮುಚ್ಚಿದರು. ಆದರೆ ಡಿಸೆಂಬರಿನಲ್ಲಿ ಮತ್ತೆ ಸಾವು ಸುರುವಾಯಿತು. ಮುಚ್ಚಿದ ಲೆಕ್ಕ ಯಾರು ತೆರೆಯುತ್ತಾರೆ? ಸಭೆಯಲ್ಲಿ ಹುಲ್ಲು ತುಂಬಿದ ತೋಳ ಎದುರಿಗೇ ನಿಂತಿದೆಯಲ್ಲ! ಮುಂದಿನ ಸಾವುಗಳೆಲ್ಲ ಯಾವ ಪುಸ್ತಕಕ್ಕೂ ಏರದ ಖರ್ಚು. 1767ರ ಜೂನ್ 19ರಂದು ಅದೇ ಸೀಮೆಯ ಜಾಂ ಶಾಸ್ತೆಲ್ ಎಂಬವನು ಇನ್ನೊಂದು ಪ್ರಾಣಿಯನ್ನು ಹೊಡೆದ ಮೇಲೆಯೇ ಸಾವು ನಿಂತದ್ದು. ಬ್ಯಾಲೆನ್ಸ್ ಶೀಟು ಸರಿಹೊಂದಿತು ಎಂದ ಮಾತ್ರಕ್ಕೆ ಅಂಗಡಿಯಲ್ಲಿ ಮಾಲು ಇದೆ ಎಂದಲ್ಲ. ಇದನ್ನು ನಮಗೆ ಆಡಿಟಿಂಗ್ ಪೇಪರಿನಲ್ಲಿ ಹೇಳಿಕೊಡುತ್ತಾರೆ. ಆ ಹಳ್ಳಿಯ ಜನ ಮಕ್ಕಳನ್ನು ಕಳೆದುಕೊಂಡು ಕಲಿತರು.

ಗಾನ್ಸ್ ಈ ಸಂಗತಿಯನ್ನು ತೆಗೆದುಕೊಂಡು ತನ್ನ ಮನಸ್ಸಿಗೆ ಬಂದದ್ದನ್ನೆಲ್ಲ ಬೆರೆಸಿದ್ದಾನೆ. ರಾಜನ ತೋಟದ ಪ್ರಕೃತಿಶಾಸ್ತ್ರಿ ಫ್ರೊನ್ಸಾಕ್ ಮೃಗವನ್ನು ಪತ್ತೆ ಹಚ್ಚಲು ಬರುತ್ತಾನೆ. ಅಲ್ಲಿಗೆ ಪತ್ತೇದಾರಿ ಕಾದಂಬರಿ ಆಯಿತು. ಅವನ ಜೊತೆಗಾರ ಉತ್ತರ ಅಮೆರಿಕದ ಇರೊಕ್ವಾ ಬುಡಕಟ್ಟಿನ ಮಾನಿ. ಕೋಲು ಹಿಡಿದು ಇಳಿದವನು ಅವನೇ. ಅವನ ಹೊಡೆದಾಟಗಳನ್ನು ಕಲಿಸಿದವರು ಹಾಂಗ್‌ಕಾಂಗ್ ಚಿತ್ರಗಳ ಫಿಲಿಪ್ ಕ್ವೋಕ್. ಸಂಕಲನಕಾರ ಡೇವಿಡ್ ವೂ ಕೂಡ ಅಲ್ಲಿಯವರೇ. ಹಾಗಾಗಿ ಫ್ರೆಂಚ್ ಕೆಸರಿನಲ್ಲಿ ಕುಂಗ್‌ಫೂ. ಜಮೀನುದಾರರ ಮನೆಯ ಹುಡುಗಿಯ ಜೊತೆ ಪ್ರೇಮ. ಮಂಜಿನೊಳಗೆ ಕಾಣದ ಪ್ರಾಣಿಯ ಭಯ. ಧರ್ಮದ ಹೆಸರಿನ ಗುಪ್ತಕೂಟ. ಇಷ್ಟನ್ನೂ ಮುದುಕನಾದ ದಾಪ್ಶೆ ಎಂಬ ಶ್ರೀಮಂತ, ಕ್ರಾಂತಿಯ ಕಾಲದಲ್ಲಿ, ಹೊರಗೆ ಜನ ಕೂಗುತ್ತಿರುವಾಗ ಕೂತು ಬರೆಯುತ್ತಿದ್ದಾನೆ. ಉಡುಪು ತೊಡುಪಿನ ವಿನ್ಯಾಸಕ್ಕೆ ಈ ಚಿತ್ರಕ್ಕೆ ಫ್ರಾನ್ಸಿನ ಸೆಜಾರ್ ಪ್ರಶಸ್ತಿಯೂ ಬಂತು. ಆ ಉಡುಪಿನಲ್ಲೇ ಕಾಲೆತ್ತಿ ಒದೆಯುತ್ತಾರೆ!

ಈಗ ನಮ್ಮ ಹಿರಿಯ ಗೆಳೆಯರು, "ನೋಡು, ನಾನು ಹೇಳಿದ್ದು ಇದೇ" ಎನ್ನಬಹುದು. ನಿಲ್ಲಿ ಸ್ವಾಮಿ.

ನನ್ನನ್ನು ಬೆಳೆಸಿದವಳು ಕುಂದಾಪುರದ ಹತ್ತಿರದ ಹಳ್ಳಿಯಲ್ಲಿರುವ ಅಜ್ಜಿ. ಎಸ್ಸೆಸ್ಸೆಲ್ಸಿಯವರೆಗೆ ಅಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದೆ. ಗದ್ದೆಕೊಯ್ಲು ಮುಗಿದ ಮೇಲೆ ಮೇಳದ ಆಟ. ರಾತ್ರಿ ಚಾಪೆ ಹಿಡಿದು ಹೋದರೆ ಬೆಳಗಿನ ಜಾವ ಮನೆಗೆ. ಒಂದೇ ರಾತ್ರಿಯಲ್ಲಿ ಯುದ್ಧ, ಶೃಂಗಾರ, ಶೋಕ, ನಡುವೆ ಹಾಸ್ಯಗಾರನ ಚೇಷ್ಟೆ, ರಾಕ್ಷಸನ ಅಬ್ಬರ, ದೇವರ ಪ್ರತ್ಯಕ್ಷ. ಇದನ್ನು ಯಾರಾದರೂ ಭೇಳ್‌ಪುರಿ ಎಂದಿದ್ದಾರೆಯೆ? ಇಲ್ಲ. ಯಕ್ಷಗಾನ ಸಮಗ್ರ ಕಲೆ ಎಂದು ಇದೇ ಕೂಟದಲ್ಲಿ ಭಾಷಣ ಮಾಡಿದ್ದೇವೆ. ಭರತನು ರಸ ಎಂಟು ಎಂದ, ಆಮೇಲಿನವರು ಶಾಂತವನ್ನು ಸೇರಿಸಿ ಒಂಬತ್ತು ಮಾಡಿದರು. ಒಂದು ಕೃತಿಗೆ ಒಂದೇ ರಸ ಎಂದು ಯಾರೂ ಹೇಳಲಿಲ್ಲ. ಒಂದು ಮುಖ್ಯವಾಗಿರಲಿ, ಉಳಿದವು ಅದಕ್ಕೆ ಅಂಗವಾಗಿರಲಿ ಎಂದರು. ಆಟದಲ್ಲಿದ್ದರೆ ಸಮಗ್ರ, ಸಿನಿಮಾದಲ್ಲಿದ್ದರೆ ಬೆರಕೆ, ಇದ್ಯಾವ ನ್ಯಾಯ?

ಈ ಹೋಲಿಕೆ ನನ್ನ ಬುದ್ಧಿಗೆ ಹೊಳೆದದ್ದಲ್ಲ. ಚಿತ್ರ ಅರ್ಧವಾದರೂ ಮೃಗವನ್ನು ಪೂರ್ತಿ ತೋರಿಸುವುದಿಲ್ಲ. ಒಮ್ಮೆ ಬೆನ್ನು, ಒಮ್ಮೆ ಹುಲ್ಲು ಅಲ್ಲಾಡಿದ್ದು, ಒಮ್ಮೆ ಬರೀ ಉಸಿರು. ತಂಗಿ ನನ್ನ ತೋಳಿಗೆ ಉಗುರು ಊರಿದ್ದಳು. ಆಗ ಅಪ್ಪಯ್ಯ, "ತೆರೆ ಕುಟ್ಟುದೇ ಇನ್ನೂ ಮುಗಿಲಿಲ್ಯಲ್ಲ" ಎಂದರು. ಬಣ್ಣದ ವೇಷ ಬರುವಾಗ ಹಾಗೆಯೇ ಅಲ್ಲವೆ? ಚಂಡೆ ಏರುತ್ತದೆ, ತೆರೆಯ ಹಿಂದೆ ಅಬ್ಬರ, ತೆರೆಯ ಮೇಲೆ ಕಿರೀಟದ ತುದಿ, ಬದಿಯಲ್ಲಿ ಕೈ, ಮುಖ ಮಾತ್ರ ಇಲ್ಲ. ಮಕ್ಕಳು ಅಜ್ಜಿಯ ಸೆರಗಿನೊಳಗೆ. ಮುಂಬಯಿಯ ಹೋಟೆಲಿನ ಗಲ್ಲೆಯಲ್ಲಿ ಕೂರುವ ನನ್ನ ಅಪ್ಪಯ್ಯನಿಗೆ ಫ್ರೆಂಚ್ ನಿರ್ದೇಶಕನ ತಂತ್ರ ಒಂದೇ ಮಾತಿನಲ್ಲಿ ಅರ್ಥವಾಯಿತು. ಫಿಲಂ ಸೊಸೈಟಿ ಸದಸ್ಯತ್ವ ಬೇಕಾಗಲಿಲ್ಲ.

ಬೆರಕೆ ಎಂದರೆ ಏನು ಬೇಕಾದರೂ ಸುರಿಯಬಹುದು ಎಂದು ನಾನು ಹೇಳುತ್ತಿಲ್ಲ. ನನ್ನ ಅಳತೆ ಜಮಾಖರ್ಚಿನದು. ಮೊದಲು ಸಾಲ ತಂದದ್ದನ್ನು ಆಮೇಲೆ ತೀರಿಸಿದ್ದಾನೋ ಇಲ್ಲವೋ? ಒಂದು ಉದಾಹರಣೆ. ಮೊದಲ ಭಾಗದಲ್ಲಿ ಊಟದ ಮೇಜಿನಲ್ಲಿ ಫ್ರೊನ್ಸಾಕ್ ಕೂದಲು ಬೆಳೆದ ಒಂದು ಮೀನನ್ನು ತೋರಿಸುತ್ತಾನೆ. ಕೆನಡಾದ ವಿಚಿತ್ರ ಮೀನು ಎನ್ನುತ್ತಾನೆ. ದೊಡ್ಡವರೆಲ್ಲ ಬೆರಗಾಗುತ್ತಾರೆ. ಅದು ಅವನೇ ಕೈಯಾರೆ ಮಾಡಿದ ಸುಳ್ಳು ಮೀನು; ಕಣ್ಣಿಗೆ ಕಂಡದ್ದನ್ನೆಲ್ಲ ನಂಬಬೇಡಿ ಎಂದು ಹೇಳುವುದಕ್ಕೆ ಮಾಡಿದ ತಮಾಷೆ. ನಾವೂ ನಕ್ಕು ಮರೆಯುತ್ತೇವೆ. ಆಮೇಲೆ ರಾಜನ ಕಡೆಯವನು ಸಾಧಾರಣ ತೋಳವೊಂದನ್ನು ಹೊಡೆದು, ಇದನ್ನೇ ಭಯಂಕರ ಮೃಗದ ಹಾಗೆ ಮಾಡಿಕೊಡು ಎಂದು ಅದೇ ಫ್ರೊನ್ಸಾಕನಿಗೆ ಆಜ್ಞೆ ಮಾಡುತ್ತಾನೆ. ತಮಾಷೆಗೆ ಸುಳ್ಳು ಮೀನು ಮಾಡಿದ ಕೈ ಈಗ ಸರಕಾರಕ್ಕೆ ಸುಳ್ಳು ಮೃಗ ಮಾಡಿಕೊಡಬೇಕು. ಹಾಸ್ಯದ ಖಾತೆಯಲ್ಲಿ ಇಟ್ಟದ್ದನ್ನು ದುಃಖದ ಖಾತೆಗೆ ವರ್ಗಾಯಿಸಿದ್ದಾನೆ, ಒಂದು ಪೈಸೆ ಸೋರಿಲ್ಲ. ಸತ್ತವಳ ಮೈಯಲ್ಲಿ ಸಿಕ್ಕ ಲೋಹದ ಹಲ್ಲಿನ ಚೂರೂ ಹಾಗೆಯೇ. ಪ್ರಾಣಿಗೆ ಲೋಹದ ಹಲ್ಲು ಎಲ್ಲಿಂದ ಬರಬೇಕು? ಮೃಗದ ಹಿಂದೆ ಮನುಷ್ಯರಿದ್ದಾರೆ. ಗುಟ್ಟು ಒಡೆದೆ ಎಂದು ಬೈಯಬೇಡಿ, ಚಿತ್ರದ ಹೆಸರಿನಲ್ಲೇ ಅದು ಇದೆ. ಜನ ಹೆದರಿದ್ದರೆ ಅಂಕೆಯಲ್ಲಿರುತ್ತಾರೆ, ಆದ್ದರಿಂದ ಹೆದರಿಕೆಯನ್ನು ಸಾಕಿ ಬೆಳೆಸುವ ದೊಡ್ಡವರು ಇದ್ದಾರೆ. ಇದು ಗಂಭೀರ ವಿಷಯವಲ್ಲವೆ? ಇದನ್ನೇ ಎರಡು ಗಂಟೆ ಭಾಷಣವಾಗಿ ಹೇಳಿದ್ದರೆ ಅಪ್ಪಯ್ಯ ಮಲಗಿ ಗೊರಕೆ ಹೊಡೆಯುತ್ತಿದ್ದರು. ಮಂಜಿನೊಳಗೆ ಓಡಿಸಿ ಓಡಿಸಿ ಹೇಳಿದ್ದಕ್ಕೆ ಕೂತರು.

ತಪ್ಪು ಇಲ್ಲವೆಂದಲ್ಲ. ನಿಧಾನಗತಿಯ ದೃಶ್ಯ ಎಷ್ಟೆಂದರೆ ನೀರಿನ ಹನಿ ಬೀಳುವುದಕ್ಕೂ ಅರ್ಧ ನಿಮಿಷ. ಎರಡೂ ಕಾಲು ಗಂಟೆ ದಾಟುವ ಚಿತ್ರದಲ್ಲಿ ಕೊನೆಯ ಭಾಗ ಎಳೆದಿದೆ. ವೇಶ್ಯಾಗೃಹದ ದೃಶ್ಯಗಳು ಬೇರೆ. ಅವು ಬಂದಾಗ ಅಮ್ಮ ತಂಗಿಯನ್ನು ಎಬ್ಬಿಸಿಕೊಂಡು ಪಾತ್ರೆ ತೊಳೆಯಲು ಹೋದಳು. ಅಪ್ಪಯ್ಯ ಕೊಡೆ ತೆಗೆದುಕೊಂಡು, "ನೀರ್ ಎಷ್ಟ್ ಏರಿತ್ ಕಾಂಡ್ಕ ಬತ್ತೆ" ಎಂದು ಹೊರಗೆ ನಡೆದರು. ನಾನು ಬಟನ್ ಒತ್ತಿ ಮುಂದೆ ಓಡಿಸಿದೆ.

ಆದರೆ ಅದಕ್ಕಿಂತ ದೊಡ್ಡ ತಪ್ಪು ಮಾರನೆಯ ದಿನ ನಿಜವಾದ ಇತಿಹಾಸ ಓದುವಾಗ ತಿಳಿಯಿತು. 1765ರ ಜನವರಿ 12ರಂದು ಜಾಕ್ ಪೋರ್ತಫೆ ಎಂಬ ದನ ಕಾಯುವ ಚಿಕ್ಕ ಹುಡುಗ ತನ್ನ ಜೊತೆಯ ಮಕ್ಕಳೊಂದಿಗೆ ಸೇರಿ, ಕೋಲುಗಳಿಂದ ಆ ಮೃಗವನ್ನು ಓಡಿಸಿದ. ರಾಜ ಅವನಿಗೆ 300 ಲಿವ್ರ್ ಬಹುಮಾನ ಕೊಟ್ಟು ವಿದ್ಯಾಭ್ಯಾಸದ ಖರ್ಚೂ ವಹಿಸಿದ. ಅದೇ ವರ್ಷ ಆಗಸ್ಟ್ 11ರಂದು ಮಾರಿ-ಜಾನ್ ವಾಲೆ ಎಂಬ ಹುಡುಗಿ, ನಮ್ಮ ವಯಸ್ಸಿನವಳೇ, ಈಟಿಯಿಂದ ಮೃಗವನ್ನು ಎದೆಗೆ ತಿವಿದಳು. ಓವೇರ್ ಎಂಬ ಹಳ್ಳಿಯಲ್ಲಿ ಅವಳ ಪ್ರತಿಮೆ ಇದೆ. ಇಷ್ಟೆಲ್ಲ ಬೆರೆಸಿದ ಗಾನ್ಸ್ ಇವಳನ್ನು ಮಾತ್ರ ಬಿಟ್ಟ! ಅವನ ಚಿತ್ರದಲ್ಲಿ ಬಡವರ ಮಕ್ಕಳು ಓಡುವುದಕ್ಕೂ ಸಾಯುವುದಕ್ಕೂ ಮಾತ್ರ ಇದ್ದಾರೆ. ಎದುರಿಸುವವರು ಹೊರಗಿನಿಂದ ಬಂದವರು. ನನ್ನ ತಂಗಿ ಇದನ್ನು ಕೇಳಿ, "ಅವ್ಳದ್ದೇ ಸಿನಿಮಾ ಮಾಡ್ಬೇಕಿತ್" ಎಂದಳು. ಸರಿಯಾದ ಮಾತು. ಬೆರೆಸಿದ್ದು ತಪ್ಪಲ್ಲ, ಬೆರೆಸುವಾಗ ಯಾರನ್ನು ಬಿಟ್ಟರು ಎಂದು ಕೇಳಬೇಕು. ವಿಮರ್ಶೆ ಮಾಡಬೇಕಾದ್ದು ಅಲ್ಲಿ.

ಇನ್ನು ಮಾನಿಯ ವಿಷಯ. ಚಿತ್ರ ನೋಡಬೇಕೆಂದಿರುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ನನಗೆ ಮಾತ್ರ ಇದನ್ನು ಬಿಟ್ಟರೆ ಬರೆದದ್ದೇ ವ್ಯರ್ಥ.

ನಮ್ಮ ಕಡೆ ಹುಡುಗನಿಗೆ ಮಾಣಿ ಎನ್ನುತ್ತಾರೆ. ಮುಂಬಯಿಯ ಹೋಟೆಲುಗಳಲ್ಲೂ ತಿಂಡಿ ತಂದಿಡುವವನು ಮಾಣಿ. ಅಪ್ಪಯ್ಯ ಹದಿಮೂರನೇ ವಯಸ್ಸಿಗೆ ಮಾಣಿಯಾಗಿ ಈ ಊರಿಗೆ ಬಂದವರು. ಹಗಲು ಹೋಟೆಲು, ರಾತ್ರಿ ಕನ್ನಡದ ರಾತ್ರಿಶಾಲೆ. ಚಿತ್ರದಲ್ಲಿ "ಮಾನಿ" ಎಂದು ಕರೆದಾಗಲೆಲ್ಲ ಅವರು ನಗುತ್ತಿದ್ದರು. "ನಮ್ ಬದಿಯವ್ನೇ ಇರ್ಕ್" ಎಂದರು. ಆಮೇಲೆ ಆ ಊಟದ ದೃಶ್ಯ. ರೇಷ್ಮೆ ತೊಟ್ಟ ದೊಡ್ಡವರು ಮಾನಿಯನ್ನು ಫ್ರೊನ್ಸಾಕನ ಮೀನಿನ ಹಾಗೆಯೇ, ಪ್ರದರ್ಶನಕ್ಕೆ ತಂದ ವಸ್ತುವಿನ ಹಾಗೆ ನೋಡುತ್ತಾರೆ. ಅವನು ಹೆಚ್ಚು ಮಾತಾಡುವುದಿಲ್ಲ. ಅಪ್ಪಯ್ಯನ ನಗು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, "ಅವ್ನಿಗ್ ಎಲ್ಲ ಗೊತ್ತಾತ್ತ್. ಮಾತಾಡುದಿಲ್ಲ ಅಷ್ಟೆ" ಎಂದರು. ಯಾರ ವಿಷಯ ಹೇಳಿದರು ಎಂದು ನಾನು ಕೇಳಲಿಲ್ಲ. ಕಾಲೇಜಿಗೆ ಸೇರಿದ ಮೊದಲ ವರ್ಷ ಇಂಗ್ಲಿಷ್ ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತದೆ ಕೂತದ್ದು ನನಗೂ ನೆನಪಿತ್ತು.

ಆ ಮಾನಿಯನ್ನು ಚಿತ್ರ ಕೊಲ್ಲುತ್ತದೆ. ನಾಯಕನಿಗೆ ಸೇಡಿನ ಸಿಟ್ಟು ಬರಬೇಕಲ್ಲ, ಅದಕ್ಕೆ. ಎಲ್ಲರಿಗಿಂತ ಹೆಚ್ಚು ದುಡಿದವನ ಬಂಡವಾಳ ನಾಯಕನ ಖಾತೆಗೆ ಜಮಾ. ಹವಾಯಿಯಲ್ಲಿ ಹುಟ್ಟಿದ ಮಾರ್ಕ್ ಡಕಾಸ್ಕೋಸ್ ಆ ಪಾತ್ರವನ್ನು ಅಷ್ಟು ಘನವಾಗಿ ಮಾಡಿದ್ದಾನೆ, ಆದ್ದರಿಂದಲೇ ಸಂಕಟ ಹೆಚ್ಚು. "ಮಾಣಿ ಹೋದ್ಮೇಲ್ ಇನ್ನೆಂತ ಕಾಂಬುದ್?" ಎಂದು ಅಪ್ಪಯ್ಯ ಗೋಡೆಯ ಕಡೆ ಮುಖ ತಿರುಗಿಸಿದರು. ಆದರೆ ಮಲಗಲಿಲ್ಲ. ಐದು ನಿಮಿಷಕ್ಕೊಮ್ಮೆ, "ಎಂತ ಆಯ್ತ್?" ಎಂದು ಗೋಡೆಗೇ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ.

ಹೌದು, ಹೇಳುತ್ತಿದ್ದೆ. ಚಿತ್ರದುದ್ದಕ್ಕೂ ನಾನು ಮಾಡಿದ ಕೆಲಸ ಅದೇ. ಮಾತು ಫ್ರೆಂಚಿನಲ್ಲಿ, ಕೆಳಗೆ ಅಕ್ಷರ ಇಂಗ್ಲಿಷಿನಲ್ಲಿ. ಅಪ್ಪಯ್ಯನಿಗೂ ಅಮ್ಮನಿಗೂ ಅದನ್ನು ಓದಲು ಬಾರದು. "ನಿಂಗ್ ಗೊತ್ತಾತ್ತಾ? ಹಂಗಾರ್ ನಮ್ಗೂ ಹೇಳ್" ಎಂದರು. ಭಾಗವತಿಕೆ ಫ್ರೆಂಚರದು, ಅರ್ಥಗಾರಿಕೆ ನನ್ನದು. ಮೊದಲು ತಡವರಿಸಿದೆ. ಅಕ್ಷರ ಓಡುತ್ತದೆ, ಒಂದು ಸಾಲಿಗೆ ಕನ್ನಡ ಹುಡುಕುವುದರೊಳಗೆ ಇನ್ನೊಂದು. ಆಮೇಲೆ ಶಬ್ದ ಬಿಟ್ಟು ಭಾವ ಹಿಡಿದೆ. ನಡುರಾತ್ರಿಯ ಹೊತ್ತಿಗೆ ಫ್ರಾನ್ಸಿನ ಶ್ರೀಮಂತರು ಕುಂದಾಪುರ ಕನ್ನಡದಲ್ಲಿ ಜಗಳವಾಡುತ್ತಿದ್ದರು. ನಾಲ್ಕು ವರ್ಷದಿಂದ ನನ್ನ ಇಂಗ್ಲಿಷಿಗೆ ಹೆದರಿ ಬದುಕಿದವನು ನಾನು. ಅದು ನನ್ನ ಜೆವೊದಾಂ ಮೃಗ. ಆ ರಾತ್ರಿ ಅದು ನಮ್ಮ ಕೋಣೆಗೆ ಕಥೆ ಹೊತ್ತು ತರುವ ಎತ್ತಾಯಿತು. ಇನ್ನೊಂದು ಸಂಗತಿಯೂ ಹೊಳೆಯಿತು. ಫ್ರೆಂಚಿನ ಎದುರು ಇಂಗ್ಲಿಷ್ ಮಾಧ್ಯಮದ ನನ್ನ ಸಹಪಾಠಿಗಳೂ ನಾನೂ ಒಂದೇ. ಅವರೂ ಕೆಳಗಿನ ಅಕ್ಷರ ನೋಡಬೇಕು. ಆದರೆ ಅದನ್ನು ಕನ್ನಡದಲ್ಲಿ ಅಪ್ಪಯ್ಯನಿಗೆ ಹೇಳುವುದು ನನಗೆ ಮಾತ್ರ ಬರುತ್ತದೆ.

ನಾವು ಹೊರನಾಡ ಕನ್ನಡಿಗರು. ಮನೆಯಲ್ಲೊಂದು, ಗಾಡಿಯಲ್ಲೊಂದು, ತರಗತಿಯಲ್ಲೊಂದು ಭಾಷೆ. ನಾವೇ ಬೆರಕೆ. ಶುದ್ಧವಾದದ್ದೇ ಶ್ರೇಷ್ಠ ಎಂಬ ತೀರ್ಪಿಗೆ ನಾವೇ ಚಪ್ಪಾಳೆ ತಟ್ಟಿದರೆ ಹೇಗೆ? ನಮ್ಮವರೂ ಈ ದಾರಿ ತುಳಿದಿದ್ದಾರೆ. 1978ರಲ್ಲಿ ಗಿರೀಶ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಮಾಡಿದಾಗ ಜಪಾನಿನ ಕುರೊಸಾವನ ಸಮುರಾಯ್ ಚಿತ್ರಗಳ ಗಾಳಿಯನ್ನು ಹೊಯ್ಸಳರ ಕಾಲದ ಮಣ್ಣಿಗೆ ತಂದರು. ಅದರ ನಾಯಕ ಶಂಕರ್‌ನಾಗ್. ಇದೇ ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಕೈ ಪಳಗಿಸಿಕೊಂಡು ಹೋದವರು. 'ಸಂಸ್ಕಾರ'ವನ್ನು ಹೊಗಳುವ ಬಾಯಲ್ಲಿ ಇದನ್ನೂ ಹೊಗಳಲು ಸಾಧ್ಯ. ಬಾಯಿ ಒಂದೇ ಇದ್ದರೂ ನಾಲಗೆಗೆ ಹಲವು ರುಚಿ ಗೊತ್ತು.

ಮಾರನೆಯ ಬೆಳಿಗ್ಗೆ ಗಾಡಿ ಬಿಟ್ಟಿತು. ಅಪ್ಪಯ್ಯ ಹೊರಡುವ ಗಡಿಬಿಡಿಯಲ್ಲಿದ್ದರು. ಸಭೆಯಲ್ಲಿ ಆದ ಚರ್ಚೆಯನ್ನು ಹೇಳಿ, ನಿಮಗೇನು ಅನ್ನಿಸುತ್ತದೆ ಎಂದು ಕೇಳಿದೆ. ಚಪ್ಪಲಿ ಮೆಟ್ಟುತ್ತಾ, "ಕಾಫಿಗ್ ಚಿಕೋರಿ ಹಾಕುದಿಲ್ಯಾ? ಹದ ಇದ್ರೆ ಕಾಫಿ, ಹೆಚ್ಚಾರೆ ಕಷಾಯ. ಗಿರಾಕಿ ಲೋಟ ಖಾಲಿ ಮಾಡ್ತ್ನಾ ಇಲ್ಯಾ ಕಾಣ್ಕ್" ಎಂದು ನಡೆದೇಬಿಟ್ಟರು.

ಕೊನೆಗೆ ಒಂದು ಸೂಚನೆ. ನಮ್ಮ ಕೂಟದ ಮುಂದಿನ ಸಭೆಯಲ್ಲಿ ಭಾಷಣ ಬೇಡ. ಇಂಥದೊಂದು ಪರದೇಶದ ಚಿತ್ರ ಹಾಕೋಣ. ಮನೆಯವರನ್ನೂ, ಸಾಧ್ಯವಾದರೆ ಕ್ಯಾಂಟೀನಿನ ನಮ್ಮ ಮಾಣಿಗಳನ್ನೂ ಕರೆಯೋಣ. ಅಕ್ಷರ ಓದಲಾಗದವರಿಗೆ ಒಬ್ಬರು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಅರ್ಥ ಹೇಳಲಿ. ಯಾರೂ ಮುಂದೆ ಬರದಿದ್ದರೆ ನಾನಿದ್ದೇನೆ. ಚಹಾದ ಲೋಟ ಹಂಚುವ ಕೆಲಸ ಆ ದಿನದ ಮಟ್ಟಿಗೆ ನಮ್ಮ ಹಿರಿಯ ಗೆಳೆಯರು ವಹಿಸಿಕೊಳ್ಳಲಿ. ಏನಂತೀರಿ?